ಹದಿನಾಲ್ಕನೇ ವ್ಯಾನಿನಲ್ಲಿ ಆರಿಸಿದ ದೀಪ

ಮಾನ್ಯ ವಾಹನ ಸುರಕ್ಷತಾ ನಿರ್ದೇಶಕರೇ,

ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನೀವು ರೊವೇನಾ ಪೆಟ್ರಾಸ್ ಎಂಬ ಚಾಲಕಿಯ ಪರವಾನಗಿ ಕಿತ್ತುಕೊಳ್ಳಲು ಕೂರುತ್ತಿದ್ದೀರಿ. ಅದು ಹೋದರೆ ಈ ಕಣಿವೆಯಲ್ಲಿ ಆಕೆಗೆ ಯಾರೂ ಇನ್ನೊಂದು ಬಂಡಿಯ ಕೀಲಿ ಕೊಡುವುದಿಲ್ಲ. ಆಕೆಯ ಅಪರಾಧವೇನು? ನಿಮ್ಮ ವರದಿಯ ಮೂರು ವಾಕ್ಯಗಳನ್ನೇ ಇಲ್ಲಿಡುತ್ತೇನೆ. "ಹೊರಡುವಾಗ ಫಲಕದಲ್ಲಿ ಯಾವ ದೀಪವೂ ಉರಿಯುತ್ತಿರಲಿಲ್ಲ. ನವೆಂಬರ್ ಹತ್ತರಂದು ವಾಹನದ ನಿಯಮಿತ ತಪಾಸಣೆ ಪೂರ್ಣಗೊಂಡಿದೆ. ಆದ್ದರಿಂದ ಹನ್ನೆರಡು ವಾರಗಳಲ್ಲಿ ಬ್ರೇಕ್ ಸವೆದದ್ದಕ್ಕೆ ಚಾಲಕಿಯ ದುರಭ್ಯಾಸವೇ ಕಾರಣ." ಎಷ್ಟು ಚೆಂದದ ವಾಕ್ಯಗಳು! ಮೊದಲನೆಯದು ನಿಜ, ಎರಡನೆಯದು ಸುಳ್ಳು, ಮೂರನೆಯದು ಆ ಸುಳ್ಳಿನ ಕೂಸು. ಎರಡನೆಯದು ಸುಳ್ಳೆಂದು ನನಗೆ ಹೇಗೆ ಗೊತ್ತು ಎನ್ನುವಿರಾ? ಹೇಳುತ್ತೇನೆ, ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ನಾನು ಹತ್ತೊಂಬತ್ತು ವರ್ಷಗಳಿಂದ ನಿಮ್ಮ ವ್ಯಾನುಗಳು ನಿಲ್ಲುವ ಅಂಗಳದ ಚಾಲಕ. ಹನ್ನೊಂದು ವರ್ಷಗಳಿಂದ ಚಾಲಕರ ಸಂಘದ ಪ್ರತಿನಿಧಿ. ನಮ್ಮ ಮೂವತ್ತೊಂದು ವ್ಯಾನುಗಳಲ್ಲಿ ಕೂರುವವರು ಕಾರು ಓಡಿಸಲಾಗದವರು, ಬಸ್ಸು ಹತ್ತಲಾಗದವರು, ಗಾಲಿಕುರ್ಚಿಯವರು, ವಾರಕ್ಕೆ ಮೂರು ಸಲ ಯಂತ್ರಕ್ಕೆ ಮೈ ಕೊಟ್ಟು ರಕ್ತ ತೊಳೆಸಿಕೊಳ್ಳಬೇಕಾದವರು. ಹಿಂದಿನ ಏಳು ಪತ್ರಗಳನ್ನು ಲಕೋಟೆಯಲ್ಲಿ ಕಳಿಸಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಎಂಟನೆಯದು ಪತ್ರಿಕೆಯಲ್ಲಿ ಬರುತ್ತಿದೆ. ಊರೇ ಓದಲಿ.

ಮೊದಲು ದೀಪಗಳ ವಿಷಯ. ಸುರಕ್ಷತಾ ನಿರ್ದೇಶಕರಿಗೆ ದೀಪದ ಪಾಠ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಸ್ಟಿಯರಿಂಗ್ ಹಿಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿದರೆ ಬಂಡಿ ನಿಲ್ಲಿಸು, ಈಗಲೇ ನಿಲ್ಲಿಸು ಎಂದರ್ಥ. ಇಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಒಳಗೆಲ್ಲೋ ಏನೋ ಕೆಟ್ಟಿದೆ, ಬೇಗ ತೋರಿಸು ಎಂದರ್ಥ. ಇನ್ನೊಂದಿದೆ, ಸ್ಪ್ಯಾನರ್ ಚಿತ್ರದ್ದು. ಅದು ಹತ್ತಿದರೆ ಏನೂ ಕೆಟ್ಟಿಲ್ಲ. ಇಷ್ಟು ಮೈಲಿ ಓಡಿದ್ದೀಯ, ಈಗ ಚಕ್ರ ಬಿಚ್ಚಿ ನೋಡು, ಎಣ್ಣೆ ನೋಡು, ಬ್ರೇಕ್ ನೋಡು ಎಂದು ಅದು ಹೇಳುತ್ತದೆ. ಅದು ರೋಗದ ದೀಪವಲ್ಲ, ವೈದ್ಯರ ಬಳಿ ಹೋಗುವ ದಿನವನ್ನು ನೆನಪಿಸುವ ದೀಪ. ನಿಮ್ಮ ಸ್ವಂತ ಕಾರಿನಲ್ಲಿ ಅದು ಹತ್ತಿದಾಗ ಗ್ಯಾರೇಜಿಗೆ ಬಿಟ್ಟು, ಅವರು ಕೊಟ್ಟ ಕಾಫಿ ಕುಡಿದು, ಸಂಜೆಗೆ ಬಂಡಿ ಮನೆಗೆ ತರುತ್ತೀರಿ, ಅಲ್ಲವೇ?

ನಮ್ಮ ವ್ಯಾನುಗಳಿಗೆ ಆ ಭಾಗ್ಯ ಇಲ್ಲ. ಎರಡು ವರ್ಷದ ಹಿಂದೆ ಸೇತುವೆಯ ನಡುವೆ ಒಂದು ವ್ಯಾನು ಕೆಟ್ಟು ನಿಂತು ಪತ್ರಿಕೆಯಲ್ಲಿ ಫೋಟೋ ಬಂದಾಗ ನಿಮಗೆ ದಿಢೀರನೆ ಸುರಕ್ಷತೆ ನೆನಪಾಯಿತು. ಒಂದೇ ಸಾಲಿನ ಆದೇಶ ಬಂತು: ಫಲಕದಲ್ಲಿ ಯಾವುದೇ ದೀಪ ಉರಿಯುತ್ತಿರುವ ವಾಹನ ಗೇಟು ದಾಟಬಾರದು. ಕೆಂಪು, ಹಳದಿ, ಸ್ಪ್ಯಾನರ್ ಎಲ್ಲವೂ ನಿಮಗೆ ಒಂದೇ. ಕೇಳಲು ಎಷ್ಟು ಕಟ್ಟುನಿಟ್ಟು! ಬೆಳಿಗ್ಗೆ ಐದೂವರೆಗೆ ಗೇಟಿನಲ್ಲಿ ನಿಮ್ಮ ತಪಾಸಣಾಧಿಕಾರಿ ನಿಂತು, ಕಿಟಕಿಯಿಂದ ಇಣುಕಿ, ಫಲಕ ಕತ್ತಲಾಗಿದ್ದರೆ ಹೋಗು ಎನ್ನುತ್ತಾರೆ. ಅವರು ಬಗ್ಗಿ ಚಕ್ರ ನೋಡಿದ್ದನ್ನು ಈ ಎರಡು ವರ್ಷದಲ್ಲಿ ನಾನು ಕಂಡಿಲ್ಲ. ಜೊತೆಗೆ ಒಂದು ದಿನ ನಿಂತ ಪ್ರತಿ ವ್ಯಾನಿಗೂ ಅಂಗಳಕ್ಕೆ ಕೆಟ್ಟ ಅಂಕ. ಬಂಡಿ ಎತ್ತುವ ಲಿಫ್ಟ್ ಎಷ್ಟು? ಒಂದು. ಮೆಕ್ಯಾನಿಕ್ ಎಷ್ಟು ಜನ? ಒಬ್ಬ, ಡೆಲ್ಬರ್ಟ್. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ಹಿಡಿದ ಮೂವತ್ತೊಂದು ವ್ಯಾನುಗಳ ಕೆಳಗೆ ಒಬ್ಬನೇ ಮನುಷ್ಯ.

ಹಾಗಾದರೆ ನಾವು ಏನು ಕಲಿತೆವು ಹೇಳಿ? ರಿಪೇರಿ ಕಲಿಯಲಿಲ್ಲ, ದೀಪ ಆರಿಸುವುದನ್ನು ಕಲಿತೆವು. ಇಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಿ, ಮೈಲಿ ತೋರಿಸುವ ಗುಂಡಿಯನ್ನು ಹತ್ತು ಎಣಿಸುವವರೆಗೆ ಅದುಮಿ ಹಿಡಿದರೆ ಸ್ಪ್ಯಾನರ್ ಮಾಯವಾಗುತ್ತದೆ. ಅಂಗಳದಲ್ಲಿ ಇದಕ್ಕೆ ಮಲಗಿಸುವುದು ಎನ್ನುತ್ತೇವೆ. ಕಳೆದ ವರ್ಷದ ಒಂದು ಬೆಳಗಿನ ಮಾತು ಹಾಗೇ ಬರೆಯುತ್ತೇನೆ.

"ಡೆಲ್ಬರ್ಟ್, ನನ್ನ ಬಂಡೀಲಿ ಸ್ಪ್ಯಾನರ್ ಬಂದಿದೆ ಕಣೋ."

"ಬಂದಿದ್ರೆ ಮಲಗ್ಸು. ಗುಂಡಿ ಎಲ್ಲಿದೆ ಅಂತ ನಿಂಗೂ ಹೇಳ್ಕೊಡ್ಬೇಕಾ?"

"ಮಲಗ್ಸಿದ್ರೆ ಬ್ರೇಕ್ ನೋಡೋರು ಯಾರು?"

"ದೇವ್ರು ನೋಡ್ತಾನೆ. ಅವ್ನ ಹತ್ರ ಟಾರ್ಚ್ ಇದೆ. ನಂದು ಮೊನ್ನೆಯಿಂದ ಸೆಲ್ಲು ಹೋಗಿದೆ."

ನಾವಿಬ್ಬರೂ ನಕ್ಕೆವು ಮಾನ್ಯರೇ. ಡೆಲ್ಬರ್ಟ್ ಸೋಮಾರಿಯಲ್ಲ. ಆವತ್ತು ಲಿಫ್ಟಿನ ಮೇಲೆ ಒಂದು ವ್ಯಾನಿತ್ತು, ಅದರ ಹಿಂದೆ ನಾಲ್ಕು ಕಾಯುತ್ತಿದ್ದವು. ಆದರೆ ನಮ್ಮ ನಗುವಿಗಿಂತ ದೊಡ್ಡ ತಮಾಷೆ ನಿಮ್ಮ ಕಚೇರಿಯಲ್ಲಿ ನಡೆಯುತ್ತಿತ್ತು. ಗುಂಡಿ ಅದುಮಿದ ಕೂಡಲೇ ವ್ಯಾನಿನೊಳಗಿನ ಪೆಟ್ಟಿಗೆ ನಿಮ್ಮ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ಕಂಪ್ಯೂಟರು ಆ ತಾರೀಖಿನ ಮುಂದೆ "ನಿಯಮಿತ ತಪಾಸಣೆ ಪೂರ್ಣ" ಎಂದು ಬರೆದುಕೊಳ್ಳುತ್ತದೆ. ಒಂದು ಚಕ್ರ ಬಿಚ್ಚಿರುವುದಿಲ್ಲ, ಒಂದು ನಟ್ಟು ತಿರುಗಿರುವುದಿಲ್ಲ. ಹತ್ತು ಎಣಿಸುವಷ್ಟರಲ್ಲಿ ತಪಾಸಣೆ ಪೂರ್ಣ! ಕಳೆದ ವರ್ಷ ನಮ್ಮ ಅಂಗಳಕ್ಕೆ ನೀವು ಚೌಕಟ್ಟು ಹಾಕಿಸಿ ಪ್ರಶಂಸಾಪತ್ರ ಕೊಟ್ಟಿರಿ. ಈಗಲೂ ಅದು ಡೆಲ್ಬರ್ಟನ ಲಿಫ್ಟಿನ ಪಕ್ಕದ ಗೋಡೆಯಲ್ಲಿ, ಎಣ್ಣೆ ಮೆತ್ತಿಕೊಂಡು ನೇತಾಡುತ್ತಿದೆ.

ಈಗ ಫೆಬ್ರವರಿ ಮೂರಕ್ಕೆ ಬರೋಣ. ಮಂಗಳವಾರ, ಮೈನಸ್ ಚಳಿ. ಹದಿನಾಲ್ಕನೇ ವ್ಯಾನು ಹತ್ತಿರಹತ್ತಿರ ವಾರದಿಂದ ಕೆರೆಯುತ್ತಿತ್ತು. ಆ ಮಾದರಿಯ ಬ್ರೇಕ್ ಪ್ಯಾಡಿಗೆ ಫಲಕದಲ್ಲಿ ದೀಪವಿಲ್ಲ. ಪ್ಯಾಡ್ ತೆಳುವಾದಾಗ ಒಂದು ಪುಟ್ಟ ತಗಡಿನ ನಾಲಗೆ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗಿ ಕಿರುಚುತ್ತದೆ. ಆ ಕಿರುಚಾಟವೇ ಅದರ ದೀಪ. ಗೇಟಿನಲ್ಲಿ ರೊವೇನಾಳ ಹಿಂದಿನ ಬಂಡಿಯಲ್ಲಿ ನಾನಿದ್ದೆ, ಕಿಟಕಿ ಇಳಿಸಿದ್ದೆ, ಆಕೆಗೂ ತಪಾಸಣಾಧಿಕಾರಿಗೂ ನಡೆದ ಮಾತು ಕಿವಿಗೆ ಬಿತ್ತು.

"ಮುಂದಿನ ಎಡಗಾಲಿ ಕೆರೀತಿದೆ ಸಾರ್. ಒಂದ್ಸಲ ಬಗ್ಗಿ ನೋಡಿ."

"ದೀಪ ಉರೀತಿದೆಯಾ?"

"ದೀಪ ಇಲ್ಲ. ಸದ್ದಿದೆ."

"ಸದ್ದಿಗೆ ನನ್ ಹತ್ರ ಕಾಲಂ ಇಲ್ಲ ಕಣಮ್ಮಾ. ನಡಿ, ಹಿಂದೆ ಹನ್ನೆರಡು ಬಂಡಿ ನಿಂತಿವೆ."

"ಕಾಲಂ ಇಲ್ದಿದ್ರೆ ಕಿವೀನೂ ಇಲ್ವಾ ಸಾರ್?"

"ಬಾಯಿದೆಯಲ್ಲ ನಿಂಗೆ, ಸಾಕು. ನಡಿ."

ಗೊತ್ತಿದ್ದೂ ಯಾಕೆ ಹೊರಟಳು ಎಂದು ಗುರುವಾರ ನೀವು ಕೇಳುತ್ತೀರಿ. ಕೇಳಿ. ಆಕೆಯ ಮೊದಲ ಪ್ರಯಾಣಿಕ ಆಂಬ್ರೋಸ್ ಟಿಲ್ಲರಿ. ಎಪ್ಪತ್ತೊಂದು ವರ್ಷ, ಮೂತ್ರಪಿಂಡ ಎರಡೂ ಹೋಗಿವೆ. ಶನಿವಾರ ರಕ್ತ ತೊಳೆಸಿಕೊಂಡವರು ಮಂಗಳವಾರ ತಪ್ಪಿಸಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಬದಲಿ ವ್ಯಾನು ಎಲ್ಲಿತ್ತು? ಅಂಕ ಕೆಡುತ್ತದೆಂದು ಬದಲಿ ವ್ಯಾನುಗಳನ್ನೂ ಸರದಿಗೆ ಹಾಕಿದವರು ಯಾರು? ಆಕೆ ಹೊರಡದಿದ್ದರೆ ರೋಗಿಯನ್ನು ಕೈಬಿಟ್ಟಳು ಎಂದು ಇದೇ ಮೇಜಿನ ಮೇಲೆ ಇದೇ ಪರವಾನಗಿಗೆ ಕೈ ಹಾಕುತ್ತಿದ್ದಿರಿ.

ಒಂಬತ್ತನೇ ಬೀದಿಯ ಇಳಿಜಾರು ನಿಮಗೆ ಗೊತ್ತು. ಕೆಳಗೆ ರೈಲು ಹಳಿ, ಹಳಿಯಾಚೆ ನದಿ. ಅರ್ಧ ಇಳಿದಾಗ ಪ್ಯಾಡ್ ಪೂರ್ತಿ ತೀರಿ, ಬ್ರೇಕ್ ಎಣ್ಣೆ ಹೊರಚೆಲ್ಲಿ, ಪೆಡಲ್ ನೆಲ ಮುಟ್ಟಿತು. ಆಗ ಹತ್ತಿತು ನೋಡಿ, ಕೆಂಪು ದೀಪ! ಮುಂದಿನದನ್ನು ಟಿಲ್ಲರಿಯವರೇ ಆಸ್ಪತ್ರೆಯಲ್ಲಿ ನನಗೆ ಹೇಳಿದರು, ಹೇಳುತ್ತ ನಗಲು ಹೋಗಿ ನೋವಿಗೆ ಮುಖ ಹಿಂಡಿದರು.

"ಮಗಳೇ, ಏನಾಯ್ತು ಅಂದೆ. ಮಿಸ್ಟರ್ ಟಿಲ್ಲರಿ, ತಲೆ ಬಗ್ಸಿ, ಕುರ್ಚಿ ಗಟ್ಟಿಯಾಗಿ ಹಿಡ್ಕೊಳ್ಳಿ ಅಂದ್ಳು. ಪ್ರಾರ್ಥನೆ ಮಾಡ್ಲಾ ಅಂದೆ. ಮಾಡಿ, ಆದ್ರೆ ಜೋರಾಗಿ ಬೇಡ, ನಂಗೆ ಇಂಜಿನ್ ಸದ್ದು ಕೇಳ್ಬೇಕು ಅಂದ್ಳು ಆ ಹುಡ್ಗಿ!"

ಗೇರ್ ತಗ್ಗಿಸಿ, ಕೈಬ್ರೇಕ್ ತುಸುತುಸುವೇ ಎಳೆಯುತ್ತ, ಬಲಗಡೆಯ ಟೈರುಗಳನ್ನು ಫುಟ್‌ಪಾತಿನ ಕಲ್ಲಂಚಿಗೆ ಉಜ್ಜುತ್ತ, ಹಳಿಗೆ ನಲವತ್ತು ಅಡಿ ಇರುವಾಗ ವ್ಯಾನನ್ನು ಗುಡ್ಡೆ ಹಾಕಿದ್ದ ಹಿಮಕ್ಕೆ ನುಗ್ಗಿಸಿ ನಿಲ್ಲಿಸಿದಳು. ಟಿಲ್ಲರಿಯವರ ಬಲ ಕೊರಳೆಲುಬು ಮುರಿಯಿತು. ಜೀವ ಉಳಿಯಿತು. ಇದು ದುರಭ್ಯಾಸವಾದರೆ ಎಲ್ಲರಿಗೂ ಇದನ್ನೇ ಕಲಿಸಿ.

ದಾಖಲೆ ಎಲ್ಲಿ ಎನ್ನುವಿರಿ. ಇದೆ. ದಿನಾ ಹೊರಡುವ ಮುಂಚೆ ಚಾಲಕರು ತುಂಬುವ ನಿಮ್ಮ ನಮೂನೆಯಲ್ಲಿ ಚೌಕಗಳಷ್ಟೇ ಇವೆ: ದೀಪ ಉರಿಯುತ್ತಿದೆ, ಉರಿಯುತ್ತಿಲ್ಲ. ರೊವೇನಾ ಬದಿಯ ಖಾಲಿ ಜಾಗದಲ್ಲಿ ನಾಲ್ಕು ದಿನ ಪೆನ್ನಿನಿಂದ ಬರೆದಿದ್ದಾಳೆ: ಎಡ ಮುಂದಿನ ಬ್ರೇಕ್ ಕಿರುಚುತ್ತಿದೆ. ನಾಲ್ಕನೇ ದಿನ ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ನಿಮ್ಮ ಯಂತ್ರ ಚೌಕಗಳನ್ನು ಮಾತ್ರ ಓದಿತು, ಮೂಲ ಕಾಗದವನ್ನು ನೀವು ತಿಂಗಳಾಗುತ್ತಲೇ ಚೂರು ಮಾಡಿಸಿದಿರಿ. ಆದರೆ ನಮ್ಮ ಚಾಲಕರಿಗೆ ಒಂದು ರೂಢಿಯಿದೆ. ನಮೂನೆಯ ಅಡಿಯಲ್ಲಿ ಮೂಡುವ ಹಳದಿ ಹಾಳೆಯ ನಕಲನ್ನು ಯಾರೂ ಎಸೆಯುವುದಿಲ್ಲ, ಬಿಸಿಲು ತಡೆಯುವ ಪಟ್ಟಿಯ ಹಿಂದೆ ಸಿಕ್ಕಿಸಿಡುತ್ತೇವೆ. ನಾಲ್ಕೂ ಸಂಘದ ಕೋಣೆಯಲ್ಲಿ ಭದ್ರವಾಗಿವೆ. ಅವುಗಳ ಪ್ರತಿಗಳು ಈ ಪತ್ರದೊಂದಿಗಿವೆ.

ಇನ್ನು ನವೆಂಬರ್ ಹತ್ತು. ಆ ದಿನ ಹದಿನಾಲ್ಕನೇ ವ್ಯಾನಿನ ತಪಾಸಣೆ ಪೂರ್ಣ ಎಂದು ನಿಮ್ಮ ಕಂಪ್ಯೂಟರು ಹೇಳುತ್ತದಲ್ಲ, ಆ ತಪಾಸಣೆ ಮಾಡಿದವನು ನಾನು. ಆಗ ಆ ವ್ಯಾನು ನನ್ನದು. ಡೆಲ್ಬರ್ಟನ ಜೊತೆ ನಕ್ಕದ್ದು ಅದೇ ಬೆಳಿಗ್ಗೆ. ಕೀಲಿ ತಿರುಗಿಸಿದೆ, ಗುಂಡಿ ಅದುಮಿದೆ, ಹತ್ತು ಎಣಿಸಿದೆ. ಅದಕ್ಕೂ ಮುಂಚೆ ಜೂನಿನಲ್ಲೂ ಹಾಗೇ ಮಾಡಿದ್ದೆ. ಆ ಚಕ್ರವನ್ನು ಕಡೆಯ ಬಾರಿ ಬಿಚ್ಚಿದ್ದು ಯಾವಾಗ ಎಂದು ನನಗೂ ಗೊತ್ತಿಲ್ಲ, ಡೆಲ್ಬರ್ಟನಿಗೂ ಗೊತ್ತಿಲ್ಲ. ನಿಮಗೆ ಗೊತ್ತಿದೆ ಎನ್ನುವುದು ನಿಮ್ಮ ಭ್ರಮೆ.

ಇನ್ನೂ ಇದೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಿರಿತನದ ಪ್ರಕಾರ ಬಂಡಿ ಮತ್ತು ದಾರಿ ಆರಿಸಿಕೊಳ್ಳುತ್ತೇವೆ. ಹೆಚ್ಚು ವರ್ಷ ದುಡಿದವರಿಗೆ ಮೊದಲ ಆಯ್ಕೆ. ಆ ನಿಯಮಕ್ಕಾಗಿ ಹಿಂದೆ ಹನ್ನೊಂದು ದಿನ ಗೇಟಿನ ಹೊರಗೆ ಹಿಮದಲ್ಲಿ ನಿಂತು ಹೋರಾಡಿದವರಲ್ಲಿ ನಾನೂ ಒಬ್ಬ, ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ನಾನು ಹೊಸದಾದ ಇಪ್ಪತ್ತೇಳನೆಯದನ್ನು ಆರಿಸಿಕೊಂಡೆ. ಹದಿನಾಲ್ಕು ಪಟ್ಟಿಯಲ್ಲಿ ಜಾರುತ್ತ ಜಾರುತ್ತ ಆರೇ ವರ್ಷ ದುಡಿದ ರೊವೇನಾಳ ಪಾಲಿಗೆ ಬಂತು. ಕೀಲಿ ಕೊಡುವಾಗ ಹೀಟರು ನಿಧಾನ ಎಂದು ಹೇಳಿದೆ. ಸ್ಪ್ಯಾನರನ್ನು ಎರಡು ಸಲ ಮಲಗಿಸಿದ್ದೇನೆ ಎಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ, ಏಕೆಂದರೆ ಎಲ್ಲರೂ ಎಲ್ಲ ಬಂಡಿಯಲ್ಲೂ ಅದನ್ನೇ ಮಾಡುತ್ತಿದ್ದೆವು. ಇದನ್ನು ಆಕೆಗೆ ಕಳೆದ ವಾರ ತಿಳಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಕ್ಲೆಮ್, ನಂಗೆ ಹೇಳಿದ್ದು ಸಾಕು. ಅವ್ರಿಗೆ ಹೇಳು," ಅಂದಳು. ಹೇಳಿದ್ದೇನೆ.

ನನ್ನ ತಪ್ಪಿನ ಹಿಂದೆ ನಿಮ್ಮದು ಅಡಗಿಕೊಳ್ಳದಿರಲಿ. ನಾನು ಆರಿಸಿದ್ದು ಒಂದು ಬಂಡಿಯ ದೀಪ. ನೀವು ಒಂದು ಸಾಲು ಬರೆದು ಮೂವತ್ತೊಂದು ಬಂಡಿಗಳ ದೀಪ ಆರಿಸಿದಿರಿ. ಎಚ್ಚರಿಸುವುದನ್ನೇ ಅಪರಾಧ ಮಾಡಿದರೆ ಎಚ್ಚರಿಸುವವರು ಯಾರು ಉಳಿಯುತ್ತಾರೆ?

ನಮ್ಮ ಬೇಡಿಕೆ ಕೇಳಿ. ರೊವೇನಾ ಪೆಟ್ರಾಸ್ ಮೇಲಿನ ದೂರನ್ನು ಗುರುವಾರಕ್ಕೆ ಮೊದಲೇ ಹಿಂತೆಗೆದುಕೊಳ್ಳಿ, ಆಕೆಯನ್ನು ಕೆಲಸಕ್ಕೆ ಕರೆಯಿರಿ. ನಿಮ್ಮ ಒಂದು ಸಾಲಿನ ಆದೇಶವನ್ನು ಹರಿದು ಹಾಕಿ. ಕೆಂಪಿಗೆ ಬಂಡಿ ನಿಲ್ಲಲಿ, ಹಳದಿಗೆ ರಿಪೇರಿಯ ಗಡುವು ಬೀಳಲಿ, ಸ್ಪ್ಯಾನರ್ ಹತ್ತಿದರೆ ಚಕ್ರ ಬಿಚ್ಚಿ ನೋಡಿದ ಮೆಕ್ಯಾನಿಕ್ ಮಾತ್ರ ಅದನ್ನು ಆರಿಸಲಿ. ಅಷ್ಟು ಕೆಲಸಕ್ಕೆ ಡೆಲ್ಬರ್ಟ್ ಒಬ್ಬನೇ ಸಾಲುವುದಿಲ್ಲ, ಜನ ಕೊಡಿ. ಕಳೆದ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ತಿನ್ನುವ ಪಿರೋಗಿ ಕಡುಬಿನ ತಟ್ಟೆಗಳ ಮುಂದೆ ಕೂತು ಮೂವತ್ತೊಂದು ಮಂದಿ ಚಾಲಕರೂ ಕೈ ಎತ್ತಿದ್ದೇವೆ: ಸೋಮವಾರದಿಂದ ಯಾರೂ ಆ ಗುಂಡಿ ಮುಟ್ಟುವುದಿಲ್ಲ. ಹತ್ತಿದ ದೀಪ ಹತ್ತಿಯೇ ಇರುತ್ತದೆ, ನಿಮ್ಮದೇ ಆದೇಶದಂತೆ ಆ ಬಂಡಿ ಗೇಟಿನೊಳಗೇ ನಿಲ್ಲುತ್ತದೆ. ರೋಗಿಗಳ ಗತಿಯೇನು ಎಂದು ನಮ್ಮನ್ನು ಹೆದರಿಸಬೇಡಿ. ಅವರನ್ನು ಕೇಳಿಯೇ ಬಂದಿದ್ದೇವೆ. ನಲವತ್ತಾರು ಮಂದಿ ಸಹಿ ಹಾಕಿದ್ದಾರೆ. ಆಸ್ಪತ್ರೆಯವರು ಬೇರೆ ವೇಳೆ ಕೊಡಲು ಒಪ್ಪಿದ್ದಾರೆ. ಟಿಲ್ಲರಿಯವರು ಎಡಗೈಯಲ್ಲಿ ಸಹಿ ಹಾಕಿ, "ತಡವಾದ್ರೂ ಸರಿ, ಚಕ್ರ ನೋಡಿ ಕರ್ಕೊಂಡೋಗಿ," ಎಂದಿದ್ದಾರೆ.

ದೂರು ಹಿಂತೆಗೆಯದಿದ್ದರೆ ಗುರುವಾರ ಹತ್ತಕ್ಕೆ ರೊವೇನಾಳ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಪರವಾನಗಿ ಕಿತ್ತುಕೊಳ್ಳಲೇಬೇಕಾದರೆ ನನ್ನದರಿಂದ ಶುರು ಮಾಡಿ, ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೇ ಕೂರುತ್ತೇನೆ. ಅದರ ಪಕ್ಕದಲ್ಲಿ ಆ ಆದೇಶಕ್ಕೆ ಸಹಿ ಹಾಕಿದ ನಿಮ್ಮ ಪೆನ್ನು ಇಡಲು ಜಾಗ ಬಿಟ್ಟಿರುತ್ತೇನೆ.

ಇಂತಿ,
ನೋಡದೆಯೇ "ನೋಡಿದ್ದಾಯಿತು" ಎಂದವರಲ್ಲಿ ಒಬ್ಬ, ಅದನ್ನು ಒಪ್ಪಿಕೊಂಡವರಲ್ಲಿ ಸದ್ಯಕ್ಕೆ ಒಬ್ಬನೇ,
ಕ್ಲೆಮ್ ಹ್ರಿಟ್ಸ್ಕೊ
ಚಾಲಕ, ಗುರುವಾರದವರೆಗೆ