ಪೈಪಿಗೆ ಕಟ್ಟಿದ ಕಪ್ಪು ದಾರ

ಅಕ್ಟೋಬರ್ ೧೨, ಭಾನುವಾರ. ನೆರೂಳ.

ಇವತ್ತೂ ಘೋಡಬಂದರ್ ರಸ್ತೆಯ ಏರಿನಲ್ಲಿ ಅದೇ ಕತೆ. ಕಾಲೊತ್ತಿದರೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಒತ್ತಡ ಮಿತಿ ಮೀರುತ್ತದೆ, ಕಾರಿನ ಕಂಪ್ಯೂಟರ್ ಹೆದರಿ ವೇಗ ಇಳಿಸಿಬಿಡುತ್ತದೆ. ದೊಡ್ಡ ಟರ್ಬೊ ಕೂರಿಸಿಕೊಟ್ಟ ಮೆಕ್ಯಾನಿಕ್ ಅಂಬಾದಾಸನ ಮೇಲೆಯೇ ನನಗೆ ಗುಮಾನಿ. ಖಾರಘರದ ಅವನ ಗ್ಯಾರೇಜಿಗೆ ಹೋಗಿ ಕೂಗಾಡಿದೆ.

“ಹಬ್ಬದ ತನಕಾ ಗಾಡಿ ಛಲೋ ಇತ್ತಲ್ರಿ ಸರ? ಆಮ್ಯಾಲೆ ನಾ ಬಾನೆಟ್ ಮುಟ್ಟೇ ಇಲ್ರಿ” ಎಂದ. ನಂಬಲಿಲ್ಲ.

ಮನೆಗೆ ಬಂದು ನಾನೇ ಬಾನೆಟ್ ಎತ್ತಿದೆ. ಒತ್ತಡ ಹೆಚ್ಚಾದಾಗ ವಾಲ್ವ್ ತೆರೆಸಿ ಅದನ್ನು ಇಳಿಸುವ ಸಣ್ಣ ರಬ್ಬರ್ ಪೈಪಿಗೆ ಕಪ್ಪು ದಾರ, ಅದರಲ್ಲೊಂದು ಒಣಗಿದ ಮೆಣಸಿನಕಾಯಿ. ಕತ್ತು ಹಿಸುಕಿದ ಹಾಗೆ ಬಿಗಿದಿತ್ತು.

ಹೆಂಡತಿಯನ್ನು ಕೇಳಿದೆ. “ಆಯುಧಪೂಜೆ ದಿನ ನಾನೇ ಕಟ್ಟಿದ್ದು ಕಣ್ರೀ, ದೃಷ್ಟಿ ಆಗ್ದೆ ಇರ್ಲಿ ಅಂತ” ಎಂದಳು ಪಂಕಜಾ. “ಈಗ ನಿಧಾನಕ್ಕೆ ಓಡಿಸ್ತಿದೀರಲ್ಲ, ಒಳ್ಳೇದೇ ಆಯ್ತು ಬಿಡಿ.”

ದೃಷ್ಟಿದಾರವನ್ನು ಎಲ್ಲರೂ ಬಂಪರಿಗೆ ಕಟ್ಟುತ್ತಾರೆ. ಇವಳೇಕೆ ಬಾನೆಟ್ ಒಳಗೆ ಕಟ್ಟಿದಳು? ಅಷ್ಟು ಪೈಪುಗಳಲ್ಲಿ ಅದೊಂದಕ್ಕೇ ಏಕೆ? ಆ ಪೈಪು ಮುಚ್ಚಿಕೊಂಡರೆ ಗಾಡಿ ವೇಗವನ್ನೇ ಹಿಡಿಯುವುದಿಲ್ಲ ಎಂದು ಹಬ್ಬದ ಹಿಂದಿನ ದಿನ ನಾನು ತಮ್ಮನಿಗೆ ಬಾನೆಟ್ ತೆರೆದು ತೋರಿಸುವಾಗ, ಅವಳು ಪಕ್ಕದಲ್ಲೇ ನಿಂತಿದ್ದಳು.

ದಾರ ಕಿತ್ತು ಎಸೆದೆ. ದಾರದ ಉಂಡೆ ಇನ್ನೂ ಅವಳ ಹತ್ತಿರವೇ ಇದೆ.