ನೇರವಾದ ಹೆಬ್ಬೆರಳು

ವರ್ಕಾಡಿ
12 ಫೆಬ್ರವರಿ 2025

ಪ್ರೀತಿಯ ಶಂಕರಿ,

ಫೋನಿನಲ್ಲಿ ಆಪರೇಶನ್ ಎಂದ ಕೂಡಲೇ ನೀನು ಮಾತು ತಪ್ಪಿಸುತ್ತೀ. ಕಾಗದವನ್ನಾದರೆ ನೀನು ನಡುವೆ ತಡೆಯಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಬಲಗಾಲಿನ ಹೆಬ್ಬೆರಳು ನೇರವಾಗಿದೆ!

ಕಾಸರಗೋಡಿನ ಬಟ್ಟೆ ಅಂಗಡಿಯಲ್ಲಿ ನಾವಿಬ್ಬರೂ ಸೀರೆ ಬಿಡಿಸುತ್ತಾ ನಿಂತ ವರ್ಷಗಳಲ್ಲಿ ಆ ಬೆರಳು ಪಕ್ಕದ ಬೆರಳಿನ ಮೇಲೆ ವಾಲುತ್ತಾ ಹೋದದ್ದು, ಬುಡದಲ್ಲಿ ಎಲುಬು ಉಬ್ಬಿದ್ದು ನಿನಗೆ ಗೊತ್ತು. ನಿನ್ನದೂ ಹಾಗೆಯೇ. ನೋವು ತಾಳಲಾರದೆ ನೀನು ಕೆಲಸ ಬಿಟ್ಟು ದೇಲಂಪಾಡಿಗೆ ಹೋದೆ. ನಾನು ಹಟದಿಂದ ನಿಂತೆ.

ಮಂಗಳೂರಿನ ಡಾಕ್ಟರಮ್ಮ ಮೊದಲೇ ಆಪರೇಶನ್ ಹೇಳಲಿಲ್ಲ. ತಾಯಿಯ ಕಡೆಯಿಂದ ಬಂದ ಪಾದ, ಅಂಗಡಿಯ ಚೂಪು ಮೊನೆಯ ಶೂ ಅದನ್ನು ಇನ್ನಷ್ಟು ಕೆಡಿಸಿದೆ ಎಂದರು. ಅಗಲದ ಚಪ್ಪಲಿ ಹಾಕಿಸಿ ಕೆಲವು ತಿಂಗಳು ನೋಡಿದರು. ನೋವು ಇಳಿಯಲೇ ಇಲ್ಲ. ಮನೆಯಲ್ಲಿ ನಮ್ಮ ಯಜಮಾನರು ಆಂಬ್ರೋಸರು, "ಚಂದ ಕಾಣಲಿಕ್ಕೆ ಎಲುಬು ಕೊಯ್ಸುವುದಾ ಮಾರಾಯ್ತಿ?" ಎಂದರು. ಚಂದಕ್ಕಲ್ಲ, ನಡೆಯಲಿಕ್ಕೆ ಎಂದೆ.

ಕ್ರಿಸ್ಮಸ್‌ಗೆ ಮುಂಚೆಯೇ ಮಾಡಿಸಿಕೊಂಡೆ. ನೀನು ಹೆದರುವ ಹಾಗೆ ಪಾದವನ್ನು ಉದ್ದಕ್ಕೆ ಸೀಳುವುದಿಲ್ಲ. ಪಾದ ಮಾತ್ರ ಮರಗಟ್ಟಿಸಿ, ಸಣ್ಣ ಸಣ್ಣ ತೂತುಗಳಿಂದಲೇ ಡ್ರಿಲ್ಲು ಹಾಕಿ, ಎಕ್ಸ್‌ರೇ ಪರದೆ ನೋಡುತ್ತಾ ಎಲುಬನ್ನು ಕತ್ತರಿಸಿ ನೇರ ಮಾಡಿ ಸ್ಕ್ರೂ ಕೂರಿಸಿದರು. ಅದೇ ಸಂಜೆ ಗಟ್ಟಿ ಅಟ್ಟೆಯ ಚಪ್ಪಲಿಯಲ್ಲಿ ಹಿಮ್ಮಡಿಯೂರಿ ನಡೆದೆ. ನೋವೇ ಇರಲಿಲ್ಲವೆಂದರೆ ಸುಳ್ಳಾದೀತು. ಸಂಜೆಯಾದರೆ ಈಗಲೂ ಬಾವು ಬರುತ್ತದೆ. ಪೂರ್ತಿ ಇಳಿಯಲು ಇನ್ನೂ ತಿಂಗಳುಗಳು ಬೇಕಂತೆ. ಆದರೆ ಆ ಹಳೆಯ ಉರಿ ಹೋಯಿತು ಶಂಕರಿ, ಹೋಯಿತು.

ನಿನ್ನೆ ಕೆಲಸಕ್ಕೆ ಮರಳಿದೆ. ಮ್ಯಾನೇಜರ್ ತಿರುಮಲೇಶ್ವರರು ನನ್ನ ಕಾಲು ನೋಡಿ, "ಇದೆಂತ ಕಾರ್ಮಿನ್? ಯೂನಿಫಾರ್ಮಿನ ಶೂ ಎಲ್ಲಿ ಉಂಟು?" ಎಂದರು.

ಗಿರಾಕಿಗಳ ಎದುರೇ ಹೇಳಿದೆ: "ಆ ಶೂ ಇನ್ನು ಹಾಕುವುದಿಲ್ಲ ಸರ್. ಕೂತುಕೊಳ್ಳಲಿಕ್ಕೆ ಸ್ಟೂಲು ಸಹ ಬೇಕು. ಕೇರಳದಲ್ಲಿ ಅದಕ್ಕೆ ಕಾನೂನು ಉಂಟು."

ಅವರ ಮುಖ ಕೆಂಪಾಯಿತು. ಮದುವೆ ಸೀರೆ ಆರಿಸುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, "ಅವಳು ಕೂತರೆ ಸೀರೆ ಹರಿಯುತ್ತದಾ?" ಎಂದು ಕೇಳಿಬಿಟ್ಟರು. ಎಲ್ಲರೂ ನಕ್ಕರು. ಮಧ್ಯಾಹ್ನದೊಳಗೆ ಕೌಂಟರಿನ ಹಿಂದೆ ಸ್ಟೂಲುಗಳು ಬಂದವು. ಹುಡುಗಿಯರೆಲ್ಲ ಸರದಿಯಲ್ಲಿ ಕೂತೆವು, ಮೊದಮೊದಲು ಕಳ್ಳರ ಹಾಗೆ, ಆಮೇಲೆ ಆರಾಮವಾಗಿ.

ನಿನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬಾ.

ಎಂದೆಂದೂ ನಿನ್ನವಳು,
ಕಾರ್ಮಿನ್

ತಾ.ಕ.: ಮೇಲೆ ಭಾರಿ ಧೈರ್ಯದವಳ ಹಾಗೆ ಬರೆದಿದ್ದೇನೆ. ಆದರೆ ಪಾದಕ್ಕೆ ಸೂಜಿ ಚುಚ್ಚುವಾಗ ನಾನು ಕೂಗಿ ಕರೆದದ್ದು ದೇವರನ್ನಲ್ಲ, ಆಂಬ್ರೋಸರನ್ನೂ ಅಲ್ಲ, ನಿನ್ನನ್ನು. "ಶಂಕರಿ ಯಾರು, ನಿಮ್ಮ ತಂಗಿಯಾ?" ಎಂದು ಡಾಕ್ಟರಮ್ಮ ಕೇಳಿದರು. ಹೌದು, ಅವಳ ಪಾದವೂ ನನ್ನದರ ಹಾಗೆಯೇ ಎಂದೆ. ಬರುವ ಮಂಗಳವಾರ ಮತ್ತೆ ಕಾಲು ತೋರಿಸಲಿಕ್ಕಿದೆ, ಅವಳನ್ನೂ ಕರೆದುಕೊಂಡು ಬನ್ನಿ ಎಂದಿದ್ದಾರೆ. ಬೆಳಿಗ್ಗೆ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ತಂಗಿ.