ಹಸಿರು ಬಳಿದ ಮರಿ

ಬೆಳಗಾವಿ
೮ ಫೆಬ್ರವರಿ ೨೦೦೧

ಪ್ರೀತಿಯ ಬೀರೇಶಣ್ಣನಿಗೆ ಪೂನಮಳ ನಮಸ್ಕಾರ.

ನಮ್ಮ ಲ್ಯಾಬಿನಲ್ಲಿ ಔಷಧಿ ಹಾಕದ ಜೀವಕೋಶಗಳೂ ಸತ್ತಿವೆ. ಮಂಗಳವಾರ ಇದನ್ನು ಮೊದಲು ನೋಡಿ ಹೇಳಿದವನು ನನ್ನ ಜೊತೆ ಕೆಲಸ ಮಾಡುವ ಶಬ್ಬೀರ. ಈ ಗದ್ದಲದಲ್ಲಿ ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಸಿಟ್ಟಾಗಬೇಡ. ನನ್ನ ಲಗ್ನಪತ್ರಿಕೆಯ ಕರಡು ತಲುಪಿದೆ. ಅದರಲ್ಲಿ ಒಂದು ಶಬ್ದ ಬದಲಾಗಬೇಕು, ಕೊನೆಗೆ ಬರೆದಿದ್ದೇನೆ.

"ಲೈಟಿನ ಹುಳ ಸಾಕತಾಳೇನ ಅಕಿ?" ಎಂದು ಅವ್ವ ಕೇಳುತ್ತಾಳಲ್ಲ, ಎಂದಿನಂತೆ ಪತ್ರ ಓದಿ ತಿಳಿಸಿ ಹೇಳು. ಸಮುದ್ರದ ಒಂದು ಜೀವಿಯ ಮೈಯಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನು ಇದೆ. ಅದನ್ನು ನಾವು ಕ್ಯಾನ್ಸರ್ ಕೋಶಗಳಲ್ಲಿ ಹುಟ್ಟಿಸುತ್ತೇವೆ. ನೀಲಿ ಬೆಳಕು ಬಿಟ್ಟರೆ ಅವು ಮಿನುಗುತ್ತವೆ, ಗುರುತು ಸಿಗುತ್ತದೆ. ಔಷಧಿ ಹಾಕಿದ ಮೇಲೆ ಸತ್ತಾಗ ಔಷಧಿಯ ಗುಣವೆಂದು ಹಿಗ್ಗಿದ್ದೆವು. ಈಗ ನೋಡಿದರೆ ಹೊಳಪು ಹೆಚ್ಚಿದಷ್ಟೂ ಕೋಶ ಸೊರಗಿದೆ. ಹೊಳಪಿಲ್ಲದವು ಆರಾಮಾಗಿವೆ.

"ಔಷಧದ ಮಾತು ಬಿಡ್ರಿ ಮೇಡಂ, ನಮ್ಮ ಗುರುತೇ ಅವಕ್ಕ ಭಾರ ಆಗೇತಿ" ಎಂದ ಶಬ್ಬೀರ. ನನಗೆ ನಮ್ಮೂರು ಹಲಸಿಯ ಕುರಿಹಟ್ಟಿ ಕಣ್ಣಮುಂದೆ ಬಂತು.

ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ನೀನು ಎಳೆಮರಿಯ ಮೈಗೆಲ್ಲ ಬಳಿದಿದ್ದೆ, ಬಂಡೆಪ್ಪ ಕಾಕಾನ ಹಿಂಡಿನಲ್ಲಿ ಬೆರೆಯದಿರಲಿ ಎಂದು. ತಾಯಿಕುರಿ ಮೂಸಿ ನೋಡಿ ಒದ್ದುಬಿಟ್ಟಿತು. ಅವ್ವನ ಬೈಗುಳ ಇನ್ನೂ ಕಿವಿಯಲ್ಲಿದೆ: "ಏ ಖೋಡಿ, ನಿನಗ ಗುರುತು ಸಿಗಲಿ ಅಂತ ಬಳದಿ, ಅದರ ತಾಯಿಗೇ ಗುರುತು ಸಿಗದಂಗ ಮಾಡಿದೆಲ್ಲೊ!" ಬಣ್ಣದ ಉಣ್ಣೆ ಕತ್ತರಿಸಿ, ಅದೇ ಕುರಿಯ ಹಾಲು ಹಿಂಡಿ ಮರಿಗೆ ಸವರಿದಳು. ಸಂಜೆಗೆ ಕುರಿ ಅದನ್ನು ನೆಕ್ಕತೊಡಗಿತು. ನೀನು ಅತ್ತಿದ್ದೆ. ಈಗ ಕೇಳಿದರೆ ಇಲ್ಲ ಎನ್ನುತ್ತೀ.

ಅಪ್ಪ, ಅವ್ವನಿಗೆ ನಮಸ್ಕಾರ. ನಿನ್ನ ಮಗಳು ಲಕ್ಷ್ಮೀ ನೂರು ಕಾಲ ಬಾಳಲಿ, ಬರುವಾಗ ತಿನ್ನಲು ಸಿಹಿ ಕುಂದಾ ತರುತ್ತೇನೆ ಎಂದು ಹೇಳು.

ನಿನ್ನ ತಂಗಿ
ಪೂನಮ

ತಾ.ಕ.: ಇದನ್ನು ಅವ್ವನೆದುರು ಓದಬೇಡ. ಕರಡಿನಲ್ಲಿ ನನ್ನನ್ನು "ಸಾಕುಮಗಳು" ಎಂದು ಬರೆದಿದ್ದೀ. ಸುಳ್ಳಲ್ಲ. ಹೆತ್ತವರು ತೀರಿಕೊಂಡಾಗ ನನ್ನನ್ನು ಎತ್ತಿಕೊಂಡವರು ನೀವೇ. ಮನೆಗೆ ಯಾರು ಬಂದರೂ ಅವ್ವ ಅಕ್ಕರೆಯಿಂದಲೇ "ಇಕಿ ನಾವು ಸಾಕಿದಾಕಿ" ಎನ್ನುತ್ತಿದ್ದಳು. ಪ್ರತಿ ಸಲವೂ ನಾನು ಅವಳ ಮಗ್ಗುಲಿನಿಂದ ತುಸು ಸರಿದು ಕೂರುತ್ತಿದ್ದೆ. ಯಾರೂ ಗಮನಿಸಲಿಲ್ಲ. ಬರೀ "ಮಗಳು" ಎಂದು ಹಾಕಿಸು.

ಕರಡು ಸೋಮವಾರ ಖಾನಾಪುರದ ಛಾಪಾಖಾನೆಗೆ ಹೋಗುತ್ತದೆ ಎಂದು ಬರೆದಿದ್ದೀ, ಅಷ್ಟರೊಳಗೆ ತಿದ್ದು.